ಆರ್ ಸ್ಕ್ವೇರ್ ನೋಡಿ ಹಿಗ್ಗಿದ್ದೆ

ಭಾರತದ ಜಿಡಿಪಿ, ಸರ್ಕಾರಿ ಬಂಡವಾಳ ಹೂಡಿಕೆ, ಎರಡರ ಲಾಗ್ ತೆಗೆದು ಸುಮ್ನೆ ರಿಗ್ರೆಷನ್ (ಒಂದರಿಂದ ಇನ್ನೊಂದನ್ನು ಅಂದಾಜಿಸುವ ಲೆಕ್ಕ) ಓಡಿಸಿದೆ. ಆ ಅಂದಾಜು ಎಷ್ಟು ಹೊಂದುತ್ತದೆ ಅಂತ ಹೇಳುವ ಆರ್ ಸ್ಕ್ವೇರ್ (ಗರಿಷ್ಠ 1) 0.9 ದಾಟಿತು! ಖುಷಿ ಐದೇ ನಿಮಿಷ. ಅಂದಾಜಿನ ತಪ್ಪುಗಳು ವರ್ಷದಿಂದ ವರ್ಷಕ್ಕೆ ಅಂಟಿಕೊಂಡಿವೆಯಾ ಅಂತ ಹೇಳುವ ಡರ್ಬಿನ್-ವಾಟ್ಸನ್ ಅಂಕಿ ಆರ್ ಸ್ಕ್ವೇರ್‌ಗಿಂತ ಎಷ್ಟೋ ಕೆಳಗಿತ್ತು, ಅಂದರೆ ಸಂಬಂಧ ಬರೀ ತೋರಿಕೆಯದ್ದಿರಬಹುದು. ಎರಡೂ ವರ್ಷ ವರ್ಷ ಏರುತ್ತಲೇ ಇರುತ್ತವೆ, ಹೂಡಿಕೆಯ ಜಾಗದಲ್ಲಿ ನನ್ನ ವಯಸ್ಸು ಹಾಕಿದರೂ ಹೀಗೇ ಬರುತ್ತದೆ, ಅಲ್ವಾ? ಸಂಬಂಧವೇ ಇಲ್ಲದ ಸರಣಿಗಳೂ ಹೀಗೆ ಆಟ ಆಡಿಸುತ್ತವೆ ಅಂತ ಅರ್ಥಶಾಸ್ತ್ರಜ್ಞರಾದ ಗ್ರೇಂಜರ್, ನ್ಯೂಬೋಲ್ಡ್ 1974ರಲ್ಲೇ ತೋರಿಸಿದ್ದರು.

ಆಮೇಲೆ ಸರಣಿಯಲ್ಲಿ ಯೂನಿಟ್ ರೂಟ್ ಇದೆಯಾ, ಅಂದರೆ ಒಮ್ಮೆ ಬಿದ್ದ ಪೆಟ್ಟು ಅಳಿಯದೆ ಉಳಿದುಬಿಡುತ್ತದಾ ಅಂತ ನೋಡುವ ಎಡಿಎಫ್ ಪರೀಕ್ಷೆ ಹಾಕಿದೆ. ಅದು ಯೂನಿಟ್ ರೂಟ್ ಇದೆ ಅಂತಲೇ ಹೊರಡುತ್ತದೆ, ಕೆಪಿಎಸ್‌ಎಸ್ ಪರೀಕ್ಷೆ ಪೂರ್ತಿ ಉಲ್ಟಾ, ಇಲ್ಲ ಅಂತ ಹೊರಡುತ್ತದೆ, ಅದಕ್ಕೇ ಎರಡನ್ನೂ ನೋಡುವುದು. ಜಿಡಿಪಿ ಮೊದಲ ವ್ಯತ್ಯಾಸ (ಈ ವರ್ಷದ್ದರಲ್ಲಿ ಹಿಂದಿನ ವರ್ಷದ್ದು ಕಳೆದದ್ದು) ತೆಗೆದ ಮೇಲೆ ದಾರಿಗೆ ಬಂತು. ಹೂಡಿಕೆಯದ್ದೇ ತಕರಾರು. ಸರಣಿಯ ನಡುವೆ 1991ರ ಆರ್ಥಿಕ ಸುಧಾರಣೆಯಂಥ ತಿರುವು ಇದ್ದರೆ, ಇಲ್ಲದ ಯೂನಿಟ್ ರೂಟ್ ಕೂಡ ಎಡಿಎಫ್‌ಗೆ ಇದ್ದಂತೆ ಕಾಣಬಹುದು. ಈಗ ಅಂಥ ತಿರುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಜಿವೋಟ್-ಆಂಡ್ರ್ಯೂಸ್ ಪರೀಕ್ಷೆ ಓಡಿಸುತ್ತಿದ್ದೇನೆ.