ಆ ಪ್ರಶ್ನೆ ಒಬ್ಬಳಿಗೆ ಮಾತ್ರ

ನಮ್ಮ ಕಡೆಯ ಸಮುದಾಯ ಬಾನುಲಿಗೆ (ಕಮ್ಯುನಿಟಿ ರೇಡಿಯೊ) ಕೇಳುಗರ ಫೋನ್-ಇನ್ ಕಾರ್ಯಕ್ರಮ ನಡೆಸಲು ಒಬ್ಬರು ನಿರೂಪಕರು ಬೇಕಾಗಿತ್ತು. ಸಂಬಳ ಕಡಿಮೆ. ಆದರೂ ಐದು ಜನ ಬಂದಿದ್ದರು. ಆಯ್ಕೆ ಮಾಡಲು ಕೂತ ಮೂವರಲ್ಲಿ ನಾನೂ ಒಬ್ಬ.

ಮೊದಲು ರಾಗಿಯ ಬೆಂಕಿ ರೋಗದ ಬಗ್ಗೆ ಅರ್ಧ ಪುಟ ಓದಿಸಿದೆವು. ಅದು ಎಲ್ಲರಿಗೂ ಸಲೀಸು. ಆಮೇಲೆ ಪಕ್ಕದ ಕೋಣೆಯಿಂದ ನಮ್ಮ ಹುಡುಗನೊಬ್ಬ ಸಿಟ್ಟಾದ ಕೇಳುಗನ ಹಾಗೆ ಫೋನ್ ಮಾಡುತ್ತಿದ್ದ. "ನಮ್ಮ ಬೀದಿಗೆ ನೀರು ಬಿಟ್ಟು ಹನ್ನೊಂದು ದಿನ ಆಯ್ತು. ಎಲ್ಲಾ ಕಳ್ಳರೇ!"

ಮೂರನೆಯದಾಗಿ ಬಂದ ಹುಡುಗಿ ಸ್ಪಂಜು ಹರಿದ ಹೆಡ್‌ಫೋನನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಮಾತಾಡಿದಳು. "ಅಣ್ಣಾ, ಯಾವ ಬೀದಿ? ನೀರುಗಂಟಿಗೆ ಹೇಳಿದ್ರಾ? ಮೋಟಾರ್ ಸುಟ್ಟಿದೆಯಂತಾ, ಪೈಪ್ ಒಡೆದಿದೆಯಂತಾ?" ಎರಡೇ ನಿಮಿಷದಲ್ಲಿ ಬೈಗುಳ ನಿಂತಿತು. "ನಾಳೆ ಪಿಡಿಒ ಅವರನ್ನೇ ಲೈನಿಗೆ ಕರೀತೀವಿ, ನೀವೂ ಇರಿ ಅಣ್ಣಾ" ಅಂದಳು. ಹತ್ತಕ್ಕೆ ಒಂಬತ್ತು ಹಾಕಿದೆ.

ಅಷ್ಟರಲ್ಲಿ ನಮ್ಮ ಅಧ್ಯಕ್ಷರು "ಮೇಷ್ಟ್ರೇ, ಇಲ್ನೋಡಿ" ಅಂತ ಫೋನ್ ಚಾಚಿದರು. ಚುನಾವಣೆ ಪ್ರಚಾರದ ಫೋಟೊ. ಅವಳ ಕೊರಳಲ್ಲಿ ಒಂದು ಪಕ್ಷದ ಶಾಲು.

"ಏನಮ್ಮಾ, ನೀವು ಆ ಕಡೆಯವರಾ?"

"ಮಾವನ ಜೊತೆ ಹೋಗಿದ್ದೆ ಸರ್. ಇಲ್ಲಿ ಕೂತಾಗ ಅದೆಲ್ಲ ತರಲ್ಲ."

ಅಧ್ಯಕ್ಷರ ಹೆದರಿಕೆ ಸುಳ್ಳಲ್ಲ. 2006ರ ಸಮುದಾಯ ಬಾನುಲಿ ಮಾರ್ಗಸೂಚಿಯಲ್ಲಿ ಸುದ್ದಿ, ರಾಜಕೀಯದ ಕಾರ್ಯಕ್ರಮ ಮಾಡಬಾರದು ಅಂತಲೇ ಇದೆ. ತಪ್ಪಿದರೆ ಬಾನುಲಿಗೇ ತೊಂದರೆ. ಆದರೆ ಆ ನಿಯಮ ಇರುವುದು ಏನು ಪ್ರಸಾರ ಆಗುತ್ತದೆ ಅನ್ನುವುದಕ್ಕೆ. ಮಾತಾಡುವವರು ಯಾರಿಗೆ ಓಟು ಹಾಕುತ್ತಾರೆ ಅನ್ನುವುದಕ್ಕಲ್ಲ.

ನಾಲ್ಕನೆಯ ಹುಡುಗನ ಅಪ್ಪ ಇನ್ನೊಂದು ಪಕ್ಷದ ಕಾರ್ಯಕರ್ತ. ಊರಿಗೆಲ್ಲ ಗೊತ್ತು. ಹುಡುಗನೂ ಪ್ರಚಾರಕ್ಕೆ ಓಡಾಡಿದವನೇ. ಅದೇ ನೀರಿನ ಕರೆಗೆ ಅವನು ಕೊಟ್ಟ ಉತ್ತರ, "ಇದಕ್ಕೆಲ್ಲ ಹಿಂದೆ ಇದ್ದವರೇ ಕಾರಣ ಸರ್." ರಾಜಕೀಯ ಮಾತಾಡಿದವನು ಅವನೊಬ್ಬನೇ. ಅವನನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆ ಪಕ್ಷಕ್ಕೇ ನಾನು ಓಟು ಹಾಕುವವನು. ಅವನ ಮಾತು ಆಗ ನನಗೆ ರಾಜಕೀಯ ಅಂತ ಅನ್ನಿಸಲೇ ಇಲ್ಲ. ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ್ದನ್ನು ಎಷ್ಟು ವರ್ಷ ತರಗತಿಯಲ್ಲಿ ಪಾಠ ಮಾಡಿದವನು ನಾನು!

ಇಬ್ಬರು ಅವನ ಕಡೆ ಆದರು. ನನ್ನ ಒಂಬತ್ತು ಅಂಕ ಹಾಳೆಯಲ್ಲೇ ಉಳಿಯಿತು. ಅದಕ್ಕಾಗಿ ನಾನು ಜಗಳ ಆಡಲಿಲ್ಲ.

ಮುಂದಿನ ಸಭೆಯಲ್ಲಿ ಎರಡು ಮಾತು ಹೇಳಿದೆ. ಅಂಕ ಹಾಕಿ ಸಹಿ ಮಾಡುವ ತನಕ ಯಾರ ಫೋನೂ ಹೊರಗೆ ಬರಬಾರದು. ಒಬ್ಬರನ್ನು ಕೇಳಿದ ಪ್ರಶ್ನೆ ಎಲ್ಲರನ್ನೂ ಕೇಳಬೇಕು. ಬರೆದುಕೊಂಡಿದ್ದಾರೆ. ಪಾಲಿಸುತ್ತಾರಾ, ನೋಡಬೇಕು. ಆ ದಿನ ನಾನೂ ಕೂತಿರುತ್ತೇನೆ.

ಫಲಿತಾಂಶ ತಿಳಿಸುವ ಕೆಲಸ ನನ್ನ ಪಾಲಿಗೇ ಬಂದಿತ್ತು. ಸುಮ್ನೆ "ಮುಂದಿನ ಸಲ ನೋಡೋಣ" ಅನ್ನಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಫೋಟೊದಿಂದ ಹೀಗಾಯ್ತಮ್ಮಾ ಅಂತ ಇದ್ದದ್ದನ್ನೇ ಹೇಳಿದೆ. ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಹಿಂದೆ ಎಲ್ಲೋ ಕುಕ್ಕರ್ ಕೂಗಿತು.

"ಅವರನ್ನೂ ಕೇಳಿದ್ರಾ ಸರ್?" ಅಂದಳು.

"ಇಲ್ಲಮ್ಮಾ" ಅಂದೆ.