ರೈಟ್ರು ಬಂದ್ರು: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

“ಕತೆ ಬರೆಯೋಕೆ ಅಂತ ಕತೆಯ ಜನ ಮಾಡೋ ಕೆಲಸವನ್ನೆಲ್ಲ ನೀವೇ ಹೋಗಿ ಮಾಡ್ಬೇಕಾ? ಕಲ್ಪನೆ ಅಂತ ಒಂದಿರುತ್ತಲ್ಲ?”

ಮದುವೆಮನೆ ಪಂಕ್ತಿಯಲ್ಲಿ ಕೇಳಿದ್ದಾರೆ, ಸ್ಟಾಫ್ ರೂಮಿನಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರಂತೂ ನನ್ನ ಬಾಯಿ ತೆರೆಸಿ, ಒಳಗೆ ಹತ್ತಿ ತುರುಕಿ, ಆಮೇಲೆ ಕೇಳಿದರು. ಆವತ್ತು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾಡಲೇಬೇಕು ಅಂತೇನಿಲ್ಲ. ಎಷ್ಟೋ ಸಂಗತಿ ಕೂತಲ್ಲೇ ಸಿಗುತ್ತದೆ. ಹೂಮಳೆ ಬಿದ್ದ ಎಂಟು–ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ, ಕಾಫಿಯ ಎರಡು ಜಾತಿಯಲ್ಲಿ ಅರೇಬಿಕಾ ಕುಯ್ಲು ಮೊದಲು, ರೊಬಸ್ಟಾ ಆಮೇಲೆ, ಸುಮಾರು ಐದು ಕೆಜಿ ರೊಬಸ್ಟಾ ಹಣ್ಣಿಗೆ ಒಂದು ಕೆಜಿ ಬೀಜ. ಇಷ್ಟು ತಿಳಿಯಲು ಯಾರೂ ಗಿಡದ ಬುಡದಲ್ಲಿ ಬೆನ್ನು ಬಗ್ಗಿಸಬೇಕಾಗಿಲ್ಲ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವೇ ಇದೆ, ಪುಸ್ತಕಗಳಿವೆ, ಫೋನ್ ಮಾಡಿದರೆ ಗೆಳತಿಯ ಅಣ್ಣ ಗಂಟೆಗಟ್ಟಲೆ ಹೇಳುತ್ತಾರೆ.

ಊರು ಚಿಕ್ಕಮಗಳೂರು ಅಂದ ಕೂಡಲೇ “ತೋಟ ಎಷ್ಟೆಕರೆ?” ಅಂತಾರೆ. ನಾನು ಕಡೂರು ಕಡೆಯವಳು. ನಮ್ಮದು ರಾಗಿ, ತೆಂಗು, ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಜಿಲ್ಲೆ ಒಂದೇ ಆದರೂ ಕೆಲಸ ಸಿಕ್ಕಿ ಈ ಊರಿಗೆ ಬರುವವರೆಗೆ ಕಾಫಿ ಗಿಡವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ. ಅಂಥವಳು ಹಣ್ಣು ಕುಯ್ಯುವ ಹೆಂಗಸೊಬ್ಬಳ ಕತೆಗೆ ಕೈಹಾಕಿದ್ದೆ. ಎರಡು ಪುಟವಾದ ಮೇಲೆ ಆಕೆಯ ಕೈ ಏನು ಮಾಡುತ್ತಿದೆ ಅನ್ನೋದೇ ನನಗೆ ಕಾಣಿಸದೆ ಕತೆ ನಿಂತುಹೋಯಿತು. ಜನವರಿಯಲ್ಲಿ ಮೂರು ದಿನ ರಜೆ ಹಾಕಿ ಆಲ್ದೂರಿನ ಕಡೆಯ ಒಂದು ತೋಟಕ್ಕೆ ಹೋದೆ.

ಮೊದಲ ದಿನ ಹಾಳಾದದ್ದು ಒಂದು ಪದದಿಂದ. ಮೇಸ್ತ್ರಿ ನನ್ನನ್ನು ಸಾಲಿನ ಮುಂದೆ ನಿಲ್ಲಿಸಿ, “ಇವ್ರು ರೈಟ್ರು ಕಣ್ರಮ್ಮ, ನಿಮ್ಮ ಜೊತೆ ಇರ್ತಾರೆ” ಅಂದರು. ತೋಟದಲ್ಲಿ ರೈಟರ್ ಅಂದರೆ ಹಾಜರಿ ಹಾಕುವವನು, ತೂಕ ಬರೆಯುವವನು, ಬಟವಾಡೆ ಲೆಕ್ಕ ಮಾಡುವವನು. ಅಲ್ಲಿಯವರೆಗೆ ಕೇಳುತ್ತಿದ್ದ ಮಾತು, ನಗು ಎಲ್ಲ ನಿಂತಿತು. ಒಬ್ಬಾಕೆ ಗಡಬಡಿಸಿ ಕೂತು ಟಾರ್ಪಾಲಿನಾಚೆ ಉದುರಿದ್ದ ಹಣ್ಣನ್ನು ಒಂದೊಂದಾಗಿ ಹೆಕ್ಕತೊಡಗಿದಳು. ಸಂಜೆಯವರೆಗೂ ನನ್ನ ಹತ್ತಿರ ಯಾರೂ ಮಾತಾಡಲಿಲ್ಲ. ಪಕ್ಕದ ಸಾಲಿನಲ್ಲಿದ್ದ ಅಸ್ಸಾಮಿನ ಹುಡುಗರಿಗೆ ಕನ್ನಡ ಬಾರದ್ದರಿಂದ ಅವರು ಮಾತ್ರ ಹಾಯಾಗಿ ಮೊಬೈಲಲ್ಲಿ ಹಾಡು ಹಾಕಿಕೊಂಡಿದ್ದರು.

ಎರಡನೇ ದಿನ ನನ್ನ ಕುಯ್ಲು ನೋಡಿದ ಮೇಲೆ ಅನುಮಾನ ಹೋಯಿತು. ಇಷ್ಟು ದಡ್ಡಿ ರೈಟರ್ ಆಗಿರಲಾರಳು ಅನ್ನಿಸಿರಬೇಕು. ರೊಬಸ್ಟಾ ಗೊಂಚಲು ಗಿಣ್ಣಿಗೆ ಕಚ್ಚಿಕೊಂಡಿರುತ್ತದೆ. ರೆಂಬೆ ಬಗ್ಗಿಸಿ, ಹೆಬ್ಬೆರಳು ಒತ್ತಿ ಎಳೆದರೆ ಹಣ್ಣಷ್ಟೇ ಜಾರಿ ಟಾರ್ಪಾಲಿಗೆ ಬೀಳಬೇಕು. ನಾನು ಎಳೆದರೆ ಎಲೆಯೂ ಬರುತ್ತಿತ್ತು. ನನ್ನ ಸಾಲಿನಲ್ಲಿದ್ದ ಅಕ್ಕನಿಗೆ ಅರವತ್ತರ ಹತ್ತಿರ. ಅವರು ಗಿಡದ ಕಡೆ ನೋಡುತ್ತಲೇ ಇರಲಿಲ್ಲ. ಸೊಸೆಯ ಬಗ್ಗೆ, ಗ್ಯಾಸ್ ಸಿಲಿಂಡರಿನ ಬಗ್ಗೆ ಹೇಳುತ್ತ ಹೇಳುತ್ತಲೇ ಗಿಡ ಬರಿದಾಗುತ್ತಿತ್ತು. ಚಗಳಿ ಇರುವೆ ಕುತ್ತಿಗೆಗೆ ಕಚ್ಚಿದಾಗ ನಾನು ಕುಣಿದದ್ದು ಇಡೀ ಸಾಲಿಗೆ ಮಧ್ಯಾಹ್ನದ ಮನರಂಜನೆ. “ನಿಮಗೆ ಕಚ್ಚಲ್ವಾ ಅಕ್ಕ?” ಅಂದೆ. “ಕಚ್ಚುತ್ತೆ. ಅದರ ಕೆಲ್ಸ ಅದು ಮಾಡುತ್ತೆ.”

ಸಂಜೆ ತೂಕ. ನೇತುಹಾಕಿದ ಡಿಜಿಟಲ್ ತಕ್ಕಡಿ, ಪಕ್ಕದಲ್ಲಿ ನಿಜವಾದ ರೈಟರ್, ಅವನ ಕೈಯಲ್ಲಿ ಪುಸ್ತಕ. ನನ್ನ ಚೀಲ ಹತ್ತೊಂಬತ್ತು ಕೆಜಿ ಚಿಲ್ಲರೆ ತೋರಿಸಿತು. ರೈಟರ್ ನಕ್ಕು, “ಇಪ್ಪತ್ತು ಬರ್ಕೊಂಡಿದೀನಿ ಮೇಡಂ” ಅಂದ. ನನ್ನ ಹಿಂದೆ ಆ ಅಕ್ಕ. ತಕ್ಕಡಿ ಎಂಬತ್ತೇಳೂವರೆ ತೋರಿಸಿತು. ಪುಸ್ತಕದಲ್ಲಿ ಎಂಬತ್ತಾರಾಯಿತು. ಚೀಲದ ತೂಕಕ್ಕೆ ಒಂದು ಕೆಜಿ, ಅರ್ಧ ಕೆಜಿ ಸುಮ್ಮನೆ. ಅದೇ ಥರದ ಚೀಲವೇ ನನ್ನದೂ. ಅಕ್ಕ ಅಂಕಿಯ ಕಡೆ ನೋಡಲಿಲ್ಲ, ರೈಟರನ ಮುಖ ನೋಡಿದರು, ಚೀಲ ಬೋರಲು ಹಾಕಿ ಕೊಡವಿ ಹೊರಟರು.

ಇದನ್ನು ಫೋನಿನಲ್ಲಿ ಯಾರು ಹೇಳುತ್ತಿದ್ದರು? ಗೆಳತಿಯ ಅಣ್ಣನಿಗೆ ಗೊತ್ತಿತ್ತೋ ಇಲ್ಲವೋ, ಗೊತ್ತಿದ್ದರೂ ಹೇಳುವಂಥದ್ದಲ್ಲ. ಅಕ್ಕನಿಗೆ ಅದು ಹೇಳಬೇಕಾದ ಸುದ್ದಿಯೇ ಅಲ್ಲ, ದಿನಾ ಸಂಜೆ ಆಗುವುದು. ನಾನು ಏನು ಕೇಳಬೇಕು ಅಂತಲೂ ನನಗೆ ಗೊತ್ತಿರಲಿಲ್ಲ. ಹೋಗುವುದು ಇದಕ್ಕೇ. ನನ್ನ ಹತ್ತೊಂಬತ್ತು ಇಪ್ಪತ್ತಾಗದೇ ಹೋಗಿದ್ದರೆ ಅವರ ಎಂಬತ್ತೇಳೂವರೆ ಎಂಬತ್ತಾರಾದದ್ದು ನನ್ನ ಕಣ್ಣಿಗೆ ಬೀಳುತ್ತಲೂ ಇರಲಿಲ್ಲ.

ಹಾಗಂತ ಮೂರು ದಿನ ಹಣ್ಣು ಕುಯ್ದು ಬಂದವಳಿಗೆ ಕೂಲಿಯವರ ಬದುಕು ತಿಳಿದುಬಿಟ್ಟಿತು ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನನ್ನದು ರಜೆ ಹಾಕಿ ಬಂದವಳ ಬೆನ್ನುನೋವು. ಭಾನುವಾರ ಬಿಸಿನೀರು ಸುರಿದುಕೊಂಡರೆ ಹೋಗುವಂಥದ್ದು. ಇನ್ನೊಂದು ಪೇಚೂ ಇದೆ. ವಾಪಸು ಬಂದು ಬರೆದ ಕರಡಿನ ತುಂಬ ಚಗಳಿ, ಅಂಟು ಕೈ, ಬೆಳಗಿನ ಚಳಿ. ಓದಿದರೆ ಕತೆಯ ಹೆಂಗಸು ಮೊನ್ನೆ ತಾನೇ ಕಡೂರಿನಿಂದ ಬಂದವಳ ಹಾಗೆ ಕಾಣುತ್ತಿದ್ದಳು. ನನಗೆ ಹೊಸದಾದದ್ದೆಲ್ಲ ಆಕೆಗೆ ನಲವತ್ತು ವರ್ಷ ಹಳೆಯದಲ್ಲವೇ? ಒಂದೊಂದೇ ಹೊಡೆದುಹಾಕಿದೆ. ಇರುವೆ ಹೋಯಿತು, ಚಳಿ ಹೋಯಿತು. ಉಳಿದದ್ದು ಸೊಸೆ, ಸಿಲಿಂಡರ್, ಒಂದೂವರೆ ಕೆಜಿ.

ಎಲ್ಲ ಸಲವೂ ಹೀಗೆ ಕೈತುಂಬ ಸಿಗುವುದಿಲ್ಲ. ಪಂಜಾಬಿನಿಂದ ಬಿತ್ತನೆ ಆಲೂಗಡ್ಡೆ ಬರುವ ಕಾಲಕ್ಕೆ ಹಾಸನದ ಎಪಿಎಂಸಿ ಯಾರ್ಡಿನಲ್ಲಿ ಒಂದು ಬೆಳಗ್ಗೆ ಕಳೆದೆ. ದಲ್ಲಾಳಿಯೊಬ್ಬನ ಪಾತ್ರಕ್ಕೆ ಅಂತ ಹೋದದ್ದು, ಪಾತ್ರ ಸಿಗಲಿಲ್ಲ. ಮೂಟೆಯೊಳಗೆ ಒಂದೇ ಒಂದು ಗೆಡ್ಡೆ ಕೊಳೆತರೆ ಬರುವ ವಾಸನೆ ಸಿಕ್ಕಿತು, ಅದು ಮುಂದೆ ಬೇರೆಯೇ ಕತೆಯ ಮನೆಯೊಂದರಲ್ಲಿ ಹೋಗಿ ಕೂತಿತು. ಕಾಳುಮೆಣಸು ಕುಯ್ಯಲು, ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಆನಿಸಿದ ಒಂಟಿ ಬಿದಿರಿನ ಏಣಿಯನ್ನೂ ಹತ್ತಿ ನೋಡಿದೆ. ಐದನೇ ಮೆಟ್ಟಿಲಿಗೆ ಕಾಲು ನಡುಗಿ ಇಳಿದುಬಿಟ್ಟೆ. ಅದಕ್ಕೇ ನನ್ನ ಇನ್ನೊಂದು ಕತೆಯಲ್ಲಿ ಮೆಣಸು ಕುಯ್ಯುವವನನ್ನು ಅವನ ಮಗಳು ಕೆಳಗಿನಿಂದ ನೋಡುತ್ತಾಳೆ. ವಿಮರ್ಶಕರೊಬ್ಬರು ಈ ‘ತಂತ್ರ’ವನ್ನು ಮೆಚ್ಚಿ ಬರೆದಿದ್ದರು. ನಾನು ಸುಮ್ಮನಿದ್ದೆ.

ಕಾಫಿ ಕುಯ್ಲಿನ ಕತೆ ಅಚ್ಚಾದ ಮೇಲೆ ಪತ್ರಿಕೆ ಹಿಡಿದು ಆ ಅಕ್ಕನ ಲೈನ್ ಮನೆಗೆ, ಅಂದರೆ ತೋಟದ ಕೂಲಿಯವರ ಸಾಲುಮನೆಗೆ, ಹೋಗಿದ್ದೆ. ಅವರಿಗೆ ಓದಲು ಬಾರದು, ಮೊಮ್ಮಗಳು ಓದಿ ಹೇಳಿದಳು. ತೂಕದ ಜಾಗ ಬಂದಾಗ ಅಕ್ಕ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು, ಏನೂ ಹೇಳಲಿಲ್ಲ. ಪೂರ್ತಿ ಮುಗಿದ ಮೇಲೆ ಕೇಳಿದರು:

“ಇದಕ್ಕೆಷ್ಟು ಕೊಟ್ರು ಟೀಚ್ರಮ್ಮ?”

“ಐನೂರು.”

“ಎಷ್ಟು ದಿನದ ಕೆಲ್ಸ?”

“ನಾಲ್ಕು ತಿಂಗಳಾಯ್ತು ಅಕ್ಕ.”

ಅವರು ಅಡಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದರು. “ಅಯ್ಯೋ ಶಿವನೇ, ಯಾರವ್ವಾ ನಿಮ್ಮ ಮೇಸ್ತ್ರಿ?”