ಬಾಳೆ ಎಲೆಯ ವಾಸನೆ

ಬೆಳಗಿನಿಂದ ಜಡಿಮಳೆ. ತೀರ್ಥಹಳ್ಳಿ ಮನೆಯಲ್ಲಿ ಅಮ್ಮ ಕಡುಬಿಗೆ ಬಾಳೆ ಎಲೆ ಬಾಡಿಸುತ್ತಿದ್ದರು.
ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಉಗಾಂಡಾ ನೆನಪಾಯಿತು.

ಚರ್ಚ್ ತಂಡದ ಜೊತೆ ಸೇವೆಗೆ ಹೋದಾಗ ಜಿಂಜಾದಲ್ಲಿ ನೈಲ್ ನದಿ ವಿಕ್ಟೋರಿಯಾ ಸರೋವರದಿಂದ ಹೊರಡುವ ಜಾಗ ನೋಡಿದೆವು. ಭೂಮಧ್ಯರೇಖೆಯ ಎರಡೂ ಕಡೆ ಕಾಲಿಟ್ಟು ಫೋಟೋನೂ ಆಯಿತು.
ಆದರೆ ಮನಸ್ಸಲ್ಲಿ ಕೂತಿದ್ದು ಮಟೋಕೆ.

ಹಸಿರು ಬಾಳೆಕಾಯಿ ಸುಲಿದು, ಎಲೆಯಲ್ಲಿ ಗಂಟು ಕಟ್ಟಿ, ಪಾತ್ರೆ ತಳಕ್ಕೆ ಎಲೆಯ ದಂಟು ಹಾಸಿ ಹಬೆಯಲ್ಲಿ ಬೇಯಿಸುತ್ತಾರೆ. ಅಲ್ಲಿನ ಅಜ್ಜಿ ಬಿಸಿಬಿಸಿ ಇರುವಾಗಲೇ ಎಲೆ ಸಮೇತ ಅಂಗೈಯಲ್ಲಿ ಒತ್ತಿ ಒತ್ತಿ ಮೆತ್ತಗೆ ಮಾಡಿದರು. ಮೇಲೆ ಶೇಂಗಾ ಸಾರು. ಎಂಥ ರುಚಿ!

"ವೆಬಾಲೆ" ಅಂದೆ. ಲುಗಾಂಡಾ ಭಾಷೆಯಲ್ಲಿ ಥ್ಯಾಂಕ್ಸ್ ಅಂತ. ನನ್ನ ಕಿವಿಗೆ ಅದರಲ್ಲೂ ನಮ್ಮ ಬಾಳೆಯೇ ಕೇಳಿಸಿತು.

ಇವತ್ತು ಅಮ್ಮ ತಟ್ಟೆಗೆ ಕಡುಬು ಹಾಕಿದಾಗಲೂ ಬಾಯಿಗೆ ಅದೇ ಬಂತು.
"ಎಂತ ಅಂದೆ?" ಅಂತ ಅಮ್ಮ ಇನ್ನೊಂದು ಕಡುಬು ಹಾಕಿದರು.